ಎರಡನೇ ಮಹಾಯುದ್ಧ ಮಗ್ಗುಲು ಬದಲಿಸಿದ್ದು ಯಾವಾಗ?

ಪ್ರಶ್ನೆ: ನನ್ನ ಮಗಳು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಳೆ. ಎರಡನೇ ಮಹಾಯುದ್ಧದ ತಿರುವು ಸ್ಟಾಲಿನ್‌ಗ್ರಾಡ್ ಅಂತ ಒಂದು ಪುಸ್ತಕದಲ್ಲಿದೆ, ಮಿಡ್‌ವೇ ಅಂತ ಇನ್ನೊಂದರಲ್ಲಿದೆ. ಸಿನಿಮಾ ನೋಡಿದರೆ ಎಲ್ಲವೂ ನಾರ್ಮಂಡಿಯಲ್ಲೇ ತೀರ್ಮಾನವಾಯಿತು ಅನ್ನಿಸುತ್ತದೆ. ಪರ್ಲ್ ಹಾರ್ಬರ್ ಅನ್ನುವವರೂ ಇದ್ದಾರೆ. ಒಂದು ಯುದ್ಧಕ್ಕೆ ಇಷ್ಟೊಂದು ತಿರುವು ಇರುತ್ತಾ? ಇವುಗಳಲ್ಲಿ ನಿಜವಾದದ್ದು ಯಾವುದು? ಇದರಲ್ಲಿ ನಮ್ಮ ದೇಶದ ಪಾಲೇನು? (ದಾವಣಗೆರೆಯ ಒಬ್ಬ ಓದುಗರು)

ಉತ್ತರ: ಒಂದೇ ಒಂದು ಉತ್ತರ ಕೊಡಿ ಅಂದರೆ ನಾನು ಈ ನಾಲ್ಕರಲ್ಲಿ ಯಾವುದನ್ನೂ ಹೇಳುವುದಿಲ್ಲ. ಒಂದು ವಾರದ ಹೆಸರು ಹೇಳುತ್ತೇನೆ. 1941ರ ಡಿಸೆಂಬರ್ 5ರಿಂದ 11ರವರೆಗಿನ ಆ ವಾರ. ಪರ್ಲ್ ಹಾರ್ಬರ್ ಅದರೊಳಗೇ ಬರುತ್ತದೆ, ಆದರೆ ಅದೊಂದೇ ಅಲ್ಲ. ಯಾಕೆ ಅಂತ ಹೇಳುವ ಮೊದಲು, ತಿರುವು ಅಂದರೇನು ಅನ್ನುವುದನ್ನು ಗಟ್ಟಿ ಮಾಡಿಕೊಳ್ಳೋಣ. ಪುಸ್ತಕದಿಂದ ಪುಸ್ತಕಕ್ಕೆ ಉತ್ತರ ಬದಲಾಗುವುದು ಅದನ್ನು ಬಿಡಿಸಿ ಹೇಳದೇ ಇರುವುದರಿಂದಲೇ.

ಎಷ್ಟು ಜನ ಸತ್ತರು, ಎಷ್ಟು ಊರು ಕೈತಪ್ಪಿದವು ಅನ್ನುವುದನ್ನು ಅಳತೆಗೋಲು ಮಾಡಿಕೊಂಡರೆ ದಾರಿ ತಪ್ಪುತ್ತೇವೆ. 1941ರಲ್ಲಿ ಸೋವಿಯತ್ ಒಕ್ಕೂಟ ಕಳೆದುಕೊಂಡಷ್ಟು ಸೈನಿಕರನ್ನು, ನೆಲವನ್ನು ಬೇರೆ ಯಾವ ದೇಶ ಕಳೆದುಕೊಂಡಿದ್ದರೂ ಶರಣಾಗುತ್ತಿತ್ತು. ಅದು ಆಗಲಿಲ್ಲ. ಹಾಗಾಗಿ ನಾನು ಪಾಠ ಮಾಡುವಾಗ ಪ್ರತಿ ಕದನಕ್ಕೂ ಒಂದೇ ಪ್ರಶ್ನೆ ಕೇಳುತ್ತಿದ್ದೆ: ಇಲ್ಲಿ ಕಳೆದುಕೊಂಡದ್ದನ್ನು ಆ ದೇಶ ಮತ್ತೆ ತುಂಬಿಕೊಂಡಿತಾ? ತುಂಬಿಕೊಂಡಿದ್ದರೆ ಅದು ಸೋಲು, ಅಷ್ಟೇ. ತುಂಬಿಕೊಳ್ಳಲು ಆಗದೇ ಹೋಗಿದ್ದರೆ ಅದು ತಿರುವು. ಈ ಒಂದು ಪ್ರಶ್ನೆ ಹಿಡಿದುಕೊಂಡು ಹೊರಟರೆ ಗೊಂದಲ ಬಹಳಷ್ಟು ಕರಗುತ್ತದೆ.

ಈಗ ಆ ವಾರಕ್ಕೆ ಬರೋಣ.

1941ರ ಜೂನ್ 22ರಂದು ಹಿಟ್ಲರ್ 30 ಲಕ್ಷಕ್ಕೂ ಜಾಸ್ತಿ ಸೈನಿಕರನ್ನು ಸೋವಿಯತ್ ಒಕ್ಕೂಟದ ಮೇಲೆ ನುಗ್ಗಿಸಿದ. ಚಳಿಗಾಲ ಬರುವುದರೊಳಗೆ ಕೆಲಸ ಮುಗಿಸುವುದು ಅವನ ಲೆಕ್ಕ. ಜರ್ಮನ್ ಸೈನ್ಯ ಅಂದರೆ ನಮ್ಮ ಕಣ್ಣಿಗೆ ಟ್ಯಾಂಕುಗಳ ಸಾಲು ಬರುತ್ತದೆ ಅಲ್ವಾ? ನಿಜದಲ್ಲಿ ಆ ಸೈನ್ಯದ ಜೊತೆ 6 ಲಕ್ಷಕ್ಕೂ ಜಾಸ್ತಿ ಕುದುರೆಗಳು ಹೋಗಿದ್ದವು. ಮುಂದೆ ಟ್ಯಾಂಕು, ಹಿಂದೆ ಕುದುರೆಗಾಡಿ. ರೈಲಿನದು ಇನ್ನೊಂದು ಕಥೆ. ರಷ್ಯಾದ ಹಳಿಗಳು ಜರ್ಮನಿಯ ಹಳಿಗಳಿಗಿಂತ ಅಗಲ. ನಮ್ಮಲ್ಲಿ ಮೀಟರ್ ಗೇಜ್, ಬ್ರಾಡ್ ಗೇಜ್ ಎರಡೂ ಇದ್ದ ಕಾಲದಲ್ಲಿ ಗಂಟುಮೂಟೆ ಇಳಿಸಿಕೊಂಡು ಇನ್ನೊಂದು ರೈಲು ಹತ್ತಿದವರಿಗೆ ಆ ಕಷ್ಟ ಗೊತ್ತು. ಹೋದಲ್ಲೆಲ್ಲ ಹಳಿ ಕಿತ್ತು ಕೂರಿಸಬೇಕು, ಇಲ್ಲದಿದ್ದರೆ ಸಾಮಾನು ಇಳಿಸಿ ಮತ್ತೆ ಏರಿಸಬೇಕು. ಮುಂದೆ ಹೋದಷ್ಟೂ ಮದ್ದುಗುಂಡು, ಎಣ್ಣೆ, ಊಟ ಹಿಂದೆ ಉಳಿಯುತ್ತಾ ಹೋಯಿತು.

ಅಕ್ಟೋಬರಿನಲ್ಲಿ ಮಾಸ್ಕೋ ಕಡೆ ಹೊರಟಾಗ ವ್ಯಾಜ್ಮಾ ಮತ್ತು ಬ್ರಿಯಾನ್ಸ್ಕ್ ಹತ್ತಿರ 6 ಲಕ್ಷಕ್ಕೂ ಹೆಚ್ಚು ಸೋವಿಯತ್ ಸೈನಿಕರು ಸೆರೆ ಸಿಕ್ಕಿದರು ಅಂತ ಜರ್ಮನಿ ಘೋಷಿಸಿತು. ಆಮೇಲೆ ಮಳೆ ಹಿಡಿಯಿತು. ಮುಂಗಾರಿನಲ್ಲಿ ಎರೆಹೊಲದೊಳಗೆ ಗಾಡಿ ಹೂತವರಿಗೆ ಆ ಕೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಸರು ಹೆಪ್ಪುಗಟ್ಟಿ ದಾರಿ ಗಟ್ಟಿಯಾಗುವ ಹೊತ್ತಿಗೆ ಚಳಿ ಬಂದಿತ್ತು. ಜರ್ಮನ್ ಸೈನಿಕರಿಗೆ ಬೆಚ್ಚನೆ ಬಟ್ಟೆ ಸಾಕಷ್ಟು ಬಂದಿರಲಿಲ್ಲ.

ಚಳಿಯೇ ಜರ್ಮನಿಯನ್ನು ಸೋಲಿಸಿತು ಅಂತ ಬಹಳ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಚಳಿ ಎರಡೂ ಕಡೆಯವರಿಗೆ ಒಂದೇ. ವ್ಯತ್ಯಾಸ ಮಾಡಿದ್ದು ಬೇರೆ. ಆ ಆರು ತಿಂಗಳಲ್ಲಿ ಸೋವಿಯತ್ ಜನ ಸುಮಾರು 1,500 ದೊಡ್ಡ ಕಾರ್ಖಾನೆಗಳನ್ನು ಬಿಚ್ಚಿ, ರೈಲಿಗೆ ಹೇರಿ, ಉರಲ್ ಪರ್ವತಗಳ ಕಡೆಗೂ ಅದರಾಚೆಗೂ ಸಾಗಿಸಿದ್ದರು. ಕೆಲವು ಕಡೆ ಗೋಡೆ, ಚಾವಣಿ ಪೂರ್ತಿ ಏಳುವ ಮೊದಲೇ ಯಂತ್ರ ಓಡಿಸಿದರು. ಇತ್ತ ಟೋಕಿಯೋದಲ್ಲಿ ರಿಚರ್ಡ್ ಸೋರ್ಗೆ ಎಂಬ ಸೋವಿಯತ್ ಗೂಢಚಾರ ಇದ್ದ. ಜಪಾನು ಈ ವರ್ಷ ಸೈಬೀರಿಯಾ ಕಡೆ ಬರುವುದಿಲ್ಲ ಅಂತ ಅವನು ಸುದ್ದಿ ಕಳಿಸಿದ. ಪೂರ್ವದ ಗಡಿಯಲ್ಲಿದ್ದ ಪಡೆಗಳಲ್ಲಿ ಹಲವನ್ನು ಮಾಸ್ಕೋಗೆ ತಂದರು. ಡಿಸೆಂಬರ್ 5ರಂದು ಸೋವಿಯತ್ ಪಡೆಗಳು ತಿರುಗಿ ಬಿದ್ದವು. ಮರುದಿನ ಸೋವಿಯತ್ ಸೇನಾನಿ ಝೂಕೊವ್‌ನ ಪಡೆಯೂ ಸೇರಿಕೊಂಡಿತು. ಆ ಯುದ್ಧದಲ್ಲಿ ಜರ್ಮನಿಯ ನೆಲಸೈನ್ಯ ಅಷ್ಟು ದೊಡ್ಡ ಪ್ರಮಾಣದಲ್ಲಿ ಹಿಮ್ಮೆಟ್ಟಿದ್ದು ಅದೇ ಮೊದಲು.

ಮಾಸ್ಕೋದಲ್ಲಿ ಜರ್ಮನಿ ಕಳೆದುಕೊಂಡದ್ದು ಬರೀ ಸೈನಿಕರನ್ನಲ್ಲ, ಸಮಯವನ್ನು. ಒಂದೇ ಬೇಸಿಗೆಯಲ್ಲಿ ಮುಗಿಯಬೇಕಿದ್ದ ಯುದ್ಧ ಈಗ ವರ್ಷಗಟ್ಟಲೆ ಎಳೆಯುವ ಯುದ್ಧವಾಯಿತು. ಅಂಥ ಯುದ್ಧದಲ್ಲಿ ಗೆಲ್ಲುವುದು ಕಾರ್ಖಾನೆ, ಎಣ್ಣೆ ಮತ್ತು ಜನ ಜಾಸ್ತಿ ಇರುವವರು.

ಎರಡೇ ದಿನ ಕಳೆದು, ಡಿಸೆಂಬರ್ 7ರಂದು ಜಪಾನು ಹವಾಯಿಯಲ್ಲಿದ್ದ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿತು. 2,403 ಅಮೆರಿಕನ್ನರು ಸತ್ತರು. ಅಲ್ಲಿದ್ದ 8 ದೊಡ್ಡ ಯುದ್ಧನೌಕೆಗಳೂ ಪೆಟ್ಟು ತಿಂದವು. ಈಗ ನಮ್ಮ ಪ್ರಶ್ನೆ ಕೇಳಿ: ತುಂಬಿಕೊಂಡರಾ? ಆ 8 ಹಡಗುಗಳಲ್ಲಿ 6ನ್ನು ರಿಪೇರಿ ಮಾಡಿ, ಮತ್ತೆ ಯುದ್ಧಕ್ಕೆ ಇಳಿಸಿದರು. ವಿಮಾನವಾಹಕ ಹಡಗುಗಳು ಅವತ್ತು ಬಂದರಿನಲ್ಲಿ ಇರಲೇ ಇಲ್ಲ. ದಡದ ಮೇಲಿನ ದೊಡ್ಡ ದೊಡ್ಡ ಎಣ್ಣೆ ಟ್ಯಾಂಕುಗಳನ್ನು ಜಪಾನು ಮುಟ್ಟಲೇ ಇಲ್ಲ. ಅವು ಸುಟ್ಟುಹೋಗಿದ್ದರೆ ಪೆಸಿಫಿಕ್ ನೌಕಾಪಡೆ ಎಷ್ಟೋ ತಿಂಗಳು ಕೈಕಟ್ಟಿ ಕೂರಬೇಕಿತ್ತು.

ಇನ್ನು ಡಿಸೆಂಬರ್ 11. ಅವತ್ತು ಹಿಟ್ಲರ್ ತಾನಾಗಿಯೇ ಅಮೆರಿಕದ ಮೇಲೆ ಯುದ್ಧ ಸಾರಿದ. ಜಪಾನಿನ ಜೊತೆ ಒಪ್ಪಂದ ಇತ್ತು ನಿಜ. ಆದರೆ ಜಪಾನಿನ ಮೇಲೆ ಯಾರಾದರೂ ಏರಿ ಬಂದರೆ ಮಾತ್ರ ನೆರವಿಗೆ ನಿಲ್ಲಬೇಕು ಅನ್ನುವ ಒಪ್ಪಂದ ಅದು. ಇಲ್ಲಿ ಏರಿ ಹೋದದ್ದು ಜಪಾನೇ. ಹಿಟ್ಲರ್‌ಗೆ ಯಾವ ಕಟ್ಟುಪಾಡೂ ಇರಲಿಲ್ಲ. ಒಂದು ಕಡೆ ಮಾಸ್ಕೋ ಹತ್ತಿರ ಅವನ ಸೈನ್ಯ ಹಿಂದೆ ಸರಿಯುತ್ತಿದೆ, ಇನ್ನೊಂದು ಕಡೆ ಪ್ರಪಂಚದ ಅತಿ ದೊಡ್ಡ ಕೈಗಾರಿಕಾ ದೇಶವನ್ನು ಕರೆದು ಮೈಮೇಲೆ ಹಾಕಿಕೊಂಡ. ಅಮೆರಿಕ ಆ ಯುದ್ಧದ ವರ್ಷಗಳಲ್ಲಿ ಕಟ್ಟಿದ ವಿಮಾನಗಳು ಸುಮಾರು 3 ಲಕ್ಷ. ಸೋವಿಯತ್ ಒಕ್ಕೂಟಕ್ಕೇ 4 ಲಕ್ಷದಷ್ಟು ಟ್ರಕ್ಕು, ಜೀಪುಗಳನ್ನು ಕೊಟ್ಟಿತು. ಜರ್ಮನಿ, ಇಟಲಿ, ಜಪಾನು ಮೂರೂ ಸೇರಿದರೂ ಈ ಲೆಕ್ಕಕ್ಕೆ ಸಾಟಿಯಾಗಲು ಸಾಧ್ಯವಿರಲಿಲ್ಲ.

ಆದರೆ ಆ ವಾರ ಬದುಕಿದ್ದವರಲ್ಲಿ ಬಹಳ ಜನಕ್ಕೆ ಇದು ಕಾಣಲಿಲ್ಲ. ಕಾಣುವುದಾದರೂ ಹೇಗೆ? ಮುಂದಿನ ಆರು ತಿಂಗಳು ಜಪಾನು ಮುಟ್ಟಿದ್ದೆಲ್ಲ ಗೆಲುವೇ. 1942ರ ಫೆಬ್ರವರಿ 15ರಂದು ಸಿಂಗಾಪುರ ಬಿತ್ತು. ಮಾರ್ಚಿನಲ್ಲಿ ರಂಗೂನ್ ಹೋಯಿತು. ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಜಪಾನಿನ ಬಾಂಬು ಬಿತ್ತು. ಗಾಳಿ ತಿರುಗಿದೆ ಅನ್ನುವುದು ಕಣ್ಣಿಗೆ ಕಾಣಬೇಕಾದರೆ ಮಿಡ್‌ವೇವರೆಗೆ ಕಾಯಬೇಕಾಯಿತು.

ಮಿಡ್‌ವೇ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ, ಯಾಕೆಂದರೆ ಇಷ್ಟು ಹತ್ತಿರದಿಂದ ನೋಡಲು ಸಿಗುವ ತಿರುವು ಇನ್ನೊಂದಿಲ್ಲ.

ಪೆಸಿಫಿಕ್ ಸಾಗರದ ನಡುವೆ, ಹವಾಯಿಯಿಂದ ಸುಮಾರು 2,000 ಕಿ.ಮೀ. ದೂರದಲ್ಲಿ ಎರಡು ಪುಟ್ಟ ದ್ವೀಪಗಳು. ಅದೇ ಮಿಡ್‌ವೇ. ಹವಾಯಿಯಲ್ಲಿ ಜೋಸೆಫ್ ರೋಷ್‌ಫರ್ಟ್ ಎಂಬ ಅಧಿಕಾರಿಯ ತಂಡ ಒಂದು ನೆಲಮಾಳಿಗೆಯಲ್ಲಿ ಕೂತು ಜಪಾನಿನ ರಹಸ್ಯ ಸಂದೇಶಗಳನ್ನು ಬಿಡಿಸುತ್ತಿತ್ತು. ಜಪಾನು ‘ಎಎಫ್’ ಎಂಬ ಜಾಗದ ಮೇಲೆ ದೊಡ್ಡ ದಾಳಿ ಮಾಡಲಿದೆ ಅಂತ ಗೊತ್ತಾಯಿತು. ಎಎಫ್ ಅಂದರೆ ಯಾವ ಜಾಗ? ರೋಷ್‌ಫರ್ಟ್ ಮಿಡ್‌ವೇ ಅಂದ. ವಾಷಿಂಗ್ಟನ್ನಿನ ಅಧಿಕಾರಿಗಳಿಗೆ ನಂಬಿಕೆ ಬರಲಿಲ್ಲ. ಆಗ ಒಂದು ಉಪಾಯ ಹೂಡಿದರು. ಮಿಡ್‌ವೇಯಲ್ಲಿದ್ದವರಿಗೆ ಸಮುದ್ರದಡಿಯ ಕೇಬಲ್ ಮೂಲಕ ಗುಟ್ಟಾಗಿ ಹೇಳಿ ಕಳಿಸಿದರು: ‘ನಮ್ಮಲ್ಲಿ ಸಿಹಿನೀರು ಮಾಡುವ ಯಂತ್ರ ಕೆಟ್ಟಿದೆ’ ಅಂತ ರೇಡಿಯೋದಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿ. ಅವರು ಹೇಳಿದರು. ಸ್ವಲ್ಪದರಲ್ಲೇ ಜಪಾನಿನ ಸಂದೇಶವೊಂದು ಸಿಕ್ಕಿತು: ಎಎಫ್‌ನಲ್ಲಿ ಕುಡಿಯುವ ನೀರಿಗೆ ತೊಂದರೆ ಇದೆ. ಅಲ್ಲಿಗೆ ಅನುಮಾನ ಮುಗಿಯಿತು.

ಅಮೆರಿಕದ ಯಾರ್ಕ್‌ಟೌನ್ ಎಂಬ ವಿಮಾನವಾಹಕ ಮೇ ತಿಂಗಳ ಕೋರಲ್ ಸಮುದ್ರದ ಕದನದಲ್ಲಿ ಬಾಂಬು ತಿಂದು ಬಂದಿತ್ತು. ರಿಪೇರಿಗೆ ಮೂರು ತಿಂಗಳು ಬೇಕು ಅನ್ನುವ ಅಂದಾಜಿತ್ತು. ಪರ್ಲ್ ಹಾರ್ಬರಿನಲ್ಲಿ ನೂರಾರು ಕೆಲಸಗಾರರು ಹಗಲು ರಾತ್ರಿ ವೆಲ್ಡಿಂಗ್ ಮಾಡಿ ಮೂರು ದಿನದಲ್ಲಿ ಅದನ್ನು ಹೊರಡಿಸಿದರು. ಪೂರ್ತಿ ಸರಿಯಾಗಿರಲಿಲ್ಲ, ಆದರೆ ವಿಮಾನ ಹಾರಿಸುವಷ್ಟು ಆಗಿತ್ತು.

ಜೂನ್ 4ರ ಬೆಳಿಗ್ಗೆ ಜಪಾನಿನ 4 ವಿಮಾನವಾಹಕಗಳು ಮಿಡ್‌ವೇ ಹತ್ತಿರ ಇದ್ದವು: ಅಕಾಗಿ, ಕಾಗಾ, ಸೋರ್ಯೂ, ಹಿರ್ಯೂ. ಪರ್ಲ್ ಹಾರ್ಬರಿಗೆ ಹೋಗಿದ್ದ ಆರರಲ್ಲಿ ನಾಲ್ಕು ಇವೇ. ಅಮೆರಿಕದ ಟಾರ್ಪಿಡೋ (ನೀರಿನೊಳಗೆ ಸಾಗಿ ಹಡಗಿಗೆ ಬಡಿಯುವ ಸಿಡಿತಲೆ) ಹೊತ್ತ ವಿಮಾನಗಳು ಮೊದಲು ಬಂದವು. ನಿಧಾನಕ್ಕೆ, ನೀರಿಗೆ ಹತ್ತಿರವಾಗಿ ಹಾರಬೇಕಾದ ವಿಮಾನಗಳು ಅವು. ಹೆಚ್ಚಿನವಕ್ಕೆ ಕಾವಲಿಗೆ ಫೈಟರ್ ವಿಮಾನಗಳಿರಲಿಲ್ಲ. 8ನೇ ಟಾರ್ಪಿಡೋ ತುಕಡಿಯ 15 ವಿಮಾನಗಳು ಹೋದವು, ಹದಿನೈದನ್ನೂ ಹೊಡೆದು ಬೀಳಿಸಿದರು. ಅವುಗಳಲ್ಲಿದ್ದ 30 ಜನರಲ್ಲಿ ಉಳಿದದ್ದು ಒಬ್ಬ, ಜಾರ್ಜ್ ಗೇ. ಅವನು ನೀರಿನಲ್ಲಿ ತೇಲುತ್ತಾ ಮುಂದಿನದೆಲ್ಲ ನೋಡಿದ. ಆ ಹುಡುಗರ ಒಂದು ಟಾರ್ಪಿಡೋ ಕೂಡ ಗುರಿ ಮುಟ್ಟಲಿಲ್ಲ. ಇದನ್ನು ತರಗತಿಯಲ್ಲಿ ಹೇಳುವಾಗ ಪ್ರತಿ ಸಲವೂ ನನಗೆ ಗಂಟಲು ಕಟ್ಟುತ್ತಿತ್ತು.

ಅಷ್ಟರಲ್ಲಿ ವೇಡ್ ಮೆಕ್‌ಕ್ಲಸ್ಕಿಯ ಬಾಂಬರ್ ತುಕಡಿ ಮೇಲೆ ಎತ್ತರದಲ್ಲಿ ಹುಡುಕುತ್ತಿತ್ತು. ಪೆಟ್ರೋಲು ಮುಗಿಯುತ್ತಾ ಬಂದಿತ್ತು. ಕೆಳಗೆ ಒಂಟಿ ಜಪಾನಿ ಹಡಗೊಂದು ಜೋರಾಗಿ ಹೋಗುತ್ತಿರುವುದು ಕಂಡಿತು. ಇದು ತನ್ನ ಗುಂಪನ್ನು ಸೇರಲು ಹೋಗುತ್ತಿರಬೇಕು ಅಂದುಕೊಂಡು ಅದು ಹೋದ ದಿಕ್ಕನ್ನೇ ಹಿಡಿದ. ಸುಮಾರು 10 ಗಂಟೆ 20 ನಿಮಿಷದ ಹೊತ್ತಿಗೆ ನೆತ್ತಿಯ ಮೇಲಿಂದ ಬಾಂಬುಗಳು ಬಿದ್ದವು. ಹಡಗಿನೊಳಗೆ ಪೆಟ್ರೋಲು ತುಂಬಿದ ವಿಮಾನಗಳು, ಪಕ್ಕದಲ್ಲೇ ಬದಲಿಸಿ ಇಟ್ಟ ಬಾಂಬುಗಳು. ಕೆಲವೇ ನಿಮಿಷಗಳಲ್ಲಿ ಮೂರು ಹಡಗಿಗೆ ಬೆಂಕಿ. ನಾಲ್ಕನೆಯದು, ಹಿರ್ಯೂ, ಯಾರ್ಕ್‌ಟೌನಿಗೆ ಹೊಡೆದು, ಸಂಜೆ ತಾನೂ ಹೊಡೆಸಿಕೊಂಡಿತು.

ಮಿಡ್‌ವೇಯಲ್ಲಿ ಜಪಾನಿನ ಪೈಲಟ್‌ಗಳೆಲ್ಲ ಸತ್ತರು ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಅದು ಸರಿಯಲ್ಲ, ಬಹುಪಾಲು ಪೈಲಟ್‌ಗಳು ಬದುಕಿದರು. ಹಡಗಿನೊಳಗೆ ಸಿಕ್ಕಿ ಸತ್ತವರಲ್ಲಿ ನುರಿತ ಮೆಕ್ಯಾನಿಕ್‌ಗಳು ನೂರಾರು ಜನ ಇದ್ದರು. ಆಮೇಲೆ ಗ್ವಾಡಲ್‌ಕೆನಾಲ್ ದ್ವೀಪಕ್ಕಾಗಿ ಆರು ತಿಂಗಳು ಗುದ್ದಾಡುವಾಗ ಪೈಲಟ್‌ಗಳೂ ಕರಗಿಹೋದರು. ಈಗ ಮತ್ತೆ ನಮ್ಮ ಪ್ರಶ್ನೆ. ಅಮೆರಿಕ ಯುದ್ಧ ಮುಗಿಯುವುದರೊಳಗೆ ಸಣ್ಣವು, ದೊಡ್ಡವು ಸೇರಿ ನೂರಕ್ಕೂ ಹೆಚ್ಚು ವಿಮಾನವಾಹಕಗಳನ್ನು ಕಟ್ಟಿತು. ಜಪಾನಿಗೆ ಆ ನಾಲ್ಕರ ಜಾಗ ತುಂಬುವುದೇ ಆಗಲಿಲ್ಲ. ಪರ್ಲ್ ಹಾರ್ಬರ್ ಪೆಟ್ಟು, ಮಿಡ್‌ವೇ ತಿರುವು ಅಂತ ನಾನು ಹೇಳುವುದು ಇದಕ್ಕೇ.

ಈಗ ನಿಮ್ಮ ಮಗಳ ಪುಸ್ತಕದ ಸ್ಟಾಲಿನ್‌ಗ್ರಾಡ್. 1942ರ ಬೇಸಿಗೆಯಲ್ಲಿ ಹಿಟ್ಲರ್‌ಗೆ ಬೇಕಾಗಿದ್ದು ಎಣ್ಣೆ. ಕಾಕಸಸ್ ಪ್ರದೇಶದ ಮೈಕೋಪ್, ಗ್ರೋಝ್ನಿ, ಅದರಾಚೆ ಬಾಕು. ಅಷ್ಟೇ ಗುರಿ ಇಟ್ಟುಕೊಂಡು ಹೋಗಿದ್ದರೆ ಏನಾಗುತ್ತಿತ್ತೋ. ಅವನು ಸೈನ್ಯವನ್ನು ಎರಡು ಪಾಲು ಮಾಡಿದ. ಒಂದು ಪಾಲು ಎಣ್ಣೆಯ ಕಡೆಗೆ, ಇನ್ನೊಂದು ವೋಲ್ಗಾ ನದಿಯ ದಡದ ಸ್ಟಾಲಿನ್‌ಗ್ರಾಡ್ ಕಡೆಗೆ. ಎರಡು ದೋಣಿಯಲ್ಲಿ ಕಾಲಿಟ್ಟ ಹಾಗಾಯಿತು. ಎಣ್ಣೆಯೂ ಕೈಗೆ ಹತ್ತಲಿಲ್ಲ, ಊರೂ ದಕ್ಕಲಿಲ್ಲ.

ಊರಿಗಾಗಿ ಕಾಳಗ ಆಗಸ್ಟ್ ಕೊನೆಯಿಂದ ಫೆಬ್ರವರಿವರೆಗೆ ನಡೆಯಿತು. ಸೋವಿಯತ್ ಕಡೆ ಅಲ್ಲಿನ ಸೇನಾನಿ ಚುಯಿಕೊವ್. ಶತ್ರುವಿನ ಮೈಗೆ ಅಂಟಿಕೊಂಡ ಹಾಗೆ ಇರಬೇಕು ಅನ್ನುವುದು ಅವನ ತಂತ್ರ. ಎರಡು ಸಾಲುಗಳ ನಡುವೆ ಜಾಗವೇ ಇಲ್ಲದಿದ್ದರೆ ಜರ್ಮನ್ ವಿಮಾನಗಳು ಬಾಂಬು ಹಾಕುವುದು ಎಲ್ಲಿಗೆ? ತಮ್ಮವರ ಮೇಲೆಯೇ ಬೀಳುತ್ತದೆ. ಹಾಗಾಗಿ ಒಂದೇ ಕಟ್ಟಡದಲ್ಲಿ ಮೇಲಿನ ಮಹಡಿ ಒಬ್ಬರದು, ಕೆಳಗಿನದು ಇನ್ನೊಬ್ಬರದು. ಧಾನ್ಯದ ಗೋದಾಮೊಂದನ್ನು ಕೆಲವೇ ಡಜನ್ ಸೈನಿಕರು ದಿನಗಟ್ಟಲೆ ಕಾದರು. ಒಳಗೆ ಗೋಧಿಗೆ ಬೆಂಕಿ ಹತ್ತಿತ್ತು, ಕುಡಿಯಲು ನೀರಿರಲಿಲ್ಲ. ಹೊಸ ಸೈನಿಕರು, ಗುಂಡು, ಊಟ ಎಲ್ಲವೂ ಬರುತ್ತಿದ್ದುದು ರಾತ್ರಿ ಹೊತ್ತು, ವೋಲ್ಗಾ ದಾಟುವ ದೋಣಿಗಳಲ್ಲಿ.

ಜರ್ಮನ್ನರು ಊರಿನೊಳಗೆ ಸಿಕ್ಕಿಹಾಕಿಕೊಂಡಿರುವಾಗ ಝೂಕೊವ್ ಮತ್ತು ವಸಿಲೆವ್‌ಸ್ಕಿ ಹೊರಗೆ ಬೇರೆಯೇ ಸಿದ್ಧತೆ ಮಾಡಿದರು. ಜರ್ಮನ್ ಸೈನ್ಯದ ಎಡಬಲ ಕಾಯುತ್ತಿದ್ದವರು ರುಮೇನಿಯಾದ ಸೈನಿಕರು. ಟ್ಯಾಂಕು ಹೊಡೆಯುವ ಒಳ್ಳೆಯ ತೋಪುಗಳು ಅವರ ಹತ್ತಿರ ಸಾಕಷ್ಟು ಇರಲಿಲ್ಲ. ನವೆಂಬರ್ 19ರ ಮಂಜಿನ ಬೆಳಿಗ್ಗೆ ಉತ್ತರದಿಂದ, ಮರುದಿನ ದಕ್ಷಿಣದಿಂದ ಸೋವಿಯತ್ ಪಡೆಗಳು ಅಲ್ಲಿಗೇ ನುಗ್ಗಿದವು. 23ರಂದು ಕಲಾಚ್ ಎಂಬ ಊರಿನ ಹತ್ತಿರ ಎರಡೂ ಸೇರಿದವು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಹಾಗೆ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಒಳಗೆ ಉಳಿದರು.

ವಿಮಾನದಲ್ಲಿ ಊಟ, ಗುಂಡು ಸಾಗಿಸುತ್ತೇನೆ ಅಂತ ಜರ್ಮನ್ ವಾಯುಪಡೆಯ ಮುಖ್ಯಸ್ಥ ಗೋರಿಂಗ್ ಮಾತು ಕೊಟ್ಟ. ದಿನಕ್ಕೆ ಕಡಿಮೆ ಅಂದರೂ 500 ಟನ್ ಬೇಕಿತ್ತು. ಸರಾಸರಿ ತಲುಪಿದ್ದು ನೂರರ ಆಸುಪಾಸು. ಸೈನಿಕರು ತಮ್ಮ ಕುದುರೆಗಳನ್ನೇ ಕೊಯ್ದು ತಿಂದರು. ಈ ಸಾಗಾಟಕ್ಕೆ ವಿಮಾನ ಸಾಲದೆ, ಪೈಲಟ್ ತರಬೇತಿ ಶಾಲೆಗಳಿಂದ ವಿಮಾನಗಳನ್ನೂ ಕಲಿಸುವ ಗುರುಗಳನ್ನೂ ಎತ್ತಿಕೊಂಡು ಬಂದರು. ನಾನೂರಕ್ಕೂ ಜಾಸ್ತಿ ಸಾಗಾಟದ ವಿಮಾನಗಳು ಹೋದವು. ಬಿತ್ತನೆಗೆ ಇಟ್ಟ ಬೀಜವನ್ನೇ ಬೇಯಿಸಿ ತಿಂದ ಹಾಗೆ. ಮುಂದಿನ ವರ್ಷ ಬೆಳೆ ಎಲ್ಲಿಂದ ಬರಬೇಕು?

1943ರ ಜನವರಿ 31ರಂದು ಸೇನಾನಿ ಪೌಲುಸ್ ಸೆರೆ ಸಿಕ್ಕ, ಫೆಬ್ರವರಿ 2ಕ್ಕೆ ಎಲ್ಲ ಮುಗಿಯಿತು. ಕೊನೆಗೆ ಸೆರೆಯಾದವರು ಸುಮಾರು 91,000. ಅವರಲ್ಲಿ ಮನೆ ಮುಟ್ಟಿದವರು ಐದಾರು ಸಾವಿರ ಅಷ್ಟೇ. ಇದರ ಜೊತೆ ಇನ್ನೊಂದು ಲೆಕ್ಕವನ್ನೂ ನಿಮ್ಮ ಮಗಳು ಬರೆದಿಟ್ಟುಕೊಳ್ಳಲಿ. ಅಲ್ಲಿ ಗೆದ್ದ ಸೋವಿಯತ್ ಕಡೆ ಸತ್ತವರೇ 4.7 ಲಕ್ಷಕ್ಕೂ ಜಾಸ್ತಿ. ಇಡೀ ಯುದ್ಧದಲ್ಲಿ ಆ ದೇಶ ಕಳೆದುಕೊಂಡದ್ದು ಸುಮಾರು 2.7 ಕೋಟಿ ಜೀವ. ಗೆಲುವು ಅನ್ನುವ ಪದ ಬರೆಯುವಾಗ ಈ ಅಂಕಿ ಪಕ್ಕದಲ್ಲಿರಬೇಕು ಅಂತ ನನಗೆ ಅನ್ನಿಸುತ್ತದೆ.

ಎಲ್ ಅಲಮೇನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1942ರ ಅಕ್ಟೋಬರ್ 23ರಿಂದ ಈಜಿಪ್ಟಿನ ಮರುಭೂಮಿಯಲ್ಲಿ ಬ್ರಿಟಿಷ್ ಸೈನ್ಯ ಜರ್ಮನ್ ಸೇನಾನಿ ರೊಮ್ಮೆಲ್‌ನನ್ನು ಸೋಲಿಸಿತು. ಸುಯೆಜ್ ಕಾಲುವೆ ಉಳಿಯಿತು. ನಮ್ಮ 4ನೇ ಭಾರತೀಯ ಡಿವಿಷನ್ (ಸಾವಿರಾರು ಸೈನಿಕರ ದೊಡ್ಡ ಪಡೆ) ಕೂಡ ಅಲ್ಲಿತ್ತು. ಮುಖ್ಯವಾದ ಕದನವೇ. ಆದರೆ ಅಲ್ಲಿದ್ದ ಜರ್ಮನ್ ಸೈನ್ಯ ರಷ್ಯಾದಲ್ಲಿದ್ದುದರ ಒಂದು ಸಣ್ಣ ಚೂರು ಮಾತ್ರ.

ಪುಸ್ತಕಗಳು ಮರೆಯುವ ಒಂದು ತಿರುವು ಇದೆ, ಅದನ್ನು ಸೇರಿಸಲೇಬೇಕು. ಅಟ್ಲಾಂಟಿಕ್ ಸಾಗರ, 1943ರ ಮೇ. ಅಮೆರಿಕದಿಂದ ಬ್ರಿಟನ್ನಿಗೆ ಎಣ್ಣೆ, ಧಾನ್ಯ, ಸೈನಿಕರು ಎಲ್ಲವೂ ಹಡಗಿನಲ್ಲೇ ಬರಬೇಕು. ಅದನ್ನು ಜರ್ಮನಿಯ ಸಬ್‌ಮರೀನುಗಳು ಮುಳುಗಿಸುತ್ತಿದ್ದವು. ಆ ಹೊತ್ತಿಗೆ ವಿಮಾನದಲ್ಲಿ ಇಡುವಂಥ ಹೊಸ ರೇಡಾರ್ ಬಂತು. ಬಹಳ ದೂರ ಹಾರಬಲ್ಲ ಲಿಬರೇಟರ್ ವಿಮಾನಗಳು ಬಂದವು. ಜರ್ಮನಿಯ ಎನಿಗ್ಮಾ ಯಂತ್ರದ ರಹಸ್ಯ ಸಂಕೇತಗಳನ್ನು ಬ್ರಿಟನ್ನಿನಲ್ಲಿ ಬಿಡಿಸುತ್ತಿದ್ದರು. ಆ ಒಂದೇ ತಿಂಗಳಲ್ಲಿ 41 ಜರ್ಮನ್ ಸಬ್‌ಮರೀನುಗಳು ಹೋದವು. ಅದರಲ್ಲಿ ಒಂದರಲ್ಲಿ ಜರ್ಮನ್ ನೌಕಾಪಡೆಯ ಮುಖ್ಯಸ್ಥ ಡೋನಿಟ್ಸ್‌ನ ಕಿರಿಯ ಮಗನೂ ಇದ್ದ. ಮೇ 24ರಂದು ಡೋನಿಟ್ಸ್ ತನ್ನ ಸಬ್‌ಮರೀನುಗಳನ್ನು ಉತ್ತರ ಅಟ್ಲಾಂಟಿಕ್‌ನಿಂದ ಹಿಂದಕ್ಕೆ ಕರೆಸಿಕೊಂಡ. ಈ ದಾರಿ ತೆರೆಯದೇ ಹೋಗಿದ್ದರೆ ನಿಮ್ಮ ಸಿನಿಮಾದ ನಾರ್ಮಂಡಿ ನಡೆಯುತ್ತಲೇ ಇರಲಿಲ್ಲ.

ನಾರ್ಮಂಡಿಯ ವಿಷಯಕ್ಕೆ ಬಂದರೆ, 1944ರ ಜೂನ್ 6ರಂದು ಒಂದೂವರೆ ಲಕ್ಷಕ್ಕೂ ಹೆಚ್ಚು ಸೈನಿಕರು ಫ್ರಾನ್ಸಿನಲ್ಲಿ ಇಳಿದರು. ಅವರ ಧೈರ್ಯ ದೊಡ್ಡದು. ಆದರೆ ಅದಕ್ಕೆ ಒಂದು ವರ್ಷ ಮೊದಲೇ, 1943ರ ಜುಲೈನಲ್ಲಿ ಕುರ್ಸ್ಕ್ ಎಂಬಲ್ಲಿ ಜರ್ಮನಿ ಪೂರ್ವದಲ್ಲಿ ತನ್ನ ಕೊನೆಯ ದೊಡ್ಡ ದಾಳಿ ಮಾಡಿ ಸೋತಿತ್ತು. ನಾರ್ಮಂಡಿಯಾಗಿ ಹದಿನಾರು ದಿನಕ್ಕೆ, ಜೂನ್ 22ರ ಹೊತ್ತಿಗೆ, ಬೆಲಾರೂಸ್‌ನಲ್ಲಿ ಸೋವಿಯತ್ ಸೈನ್ಯ ‘ಬಗ್ರಾತಿಯೋನ್’ ಎಂಬ ದಾಳಿ ಶುರು ಮಾಡಿತು. ಅಲ್ಲಿ ಜರ್ಮನಿಯ ಒಂದು ಇಡೀ ಸೇನಾಗುಂಪೇ ಪುಡಿಯಾಯಿತು. ಜುಲೈ 17ರಂದು 57,000 ಜರ್ಮನ್ ಸೆರೆಯಾಳುಗಳನ್ನು ಮಾಸ್ಕೋದ ಬೀದಿಗಳಲ್ಲಿ ನಡೆಸಿಕೊಂಡು ಹೋದರು. ನಾವು ನೋಡುವ ಇಂಗ್ಲಿಷ್ ಸಿನಿಮಾಗಳಲ್ಲಿ ಇದು ಬರುವುದೇ ಇಲ್ಲ, ಹಾಗಾಗಿ ನಮ್ಮ ಮಕ್ಕಳಿಗೆ ಈ ಹೆಸರೇ ಗೊತ್ತಿರುವುದಿಲ್ಲ. ಯುದ್ಧ ಯಾರ ಕಡೆ ವಾಲಿದೆ ಅನ್ನುವುದು ನಾರ್ಮಂಡಿಗಿಂತ ಮೊದಲೇ ತೀರ್ಮಾನವಾಗಿತ್ತು. ಅದು ಎಷ್ಟು ಬೇಗ ಮುಗಿಯುತ್ತದೆ, ಪಶ್ಚಿಮ ಯುರೋಪಿಗೆ ಯಾರು ಬರುತ್ತಾರೆ ಅನ್ನುವುದನ್ನು ನಾರ್ಮಂಡಿ ತೀರ್ಮಾನಿಸಿತು.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ನಮ್ಮ ಪಾಲು. ಇದನ್ನು ಕೇಳಿದ್ದಕ್ಕೆ ನಿಮಗೆ ಧನ್ಯವಾದ ಹೇಳಬೇಕು.

ಸುಮಾರು 25 ಲಕ್ಷ ಭಾರತೀಯರು ಆ ಯುದ್ಧದಲ್ಲಿ ಸೈನ್ಯಕ್ಕೆ ಸೇರಿದ್ದರು. ಕಡ್ಡಾಯ ಮಾಡದೆ ಕಟ್ಟಿದ ಸೈನ್ಯಗಳಲ್ಲಿ ಅಷ್ಟು ದೊಡ್ಡದು ಇನ್ನೊಂದಿರಲಿಲ್ಲ. ಆದರೆ ಯುದ್ಧದ ಬಿಸಿ ಮೊದಲು ಬಡಿದದ್ದು ಹೊಟ್ಟೆಗೆ. ರಂಗೂನ್ ಬಿದ್ದ ಮೇಲೆ ಬರ್ಮಾದಿಂದ ವರ್ಷಾ ವರ್ಷಾ ಬರುತ್ತಿದ್ದ ಲಕ್ಷಗಟ್ಟಲೆ ಟನ್ ಅಕ್ಕಿ ನಿಂತುಹೋಯಿತು. ಬಂಗಾಳದಲ್ಲಿ ಜಪಾನಿನ ಕೈಗೆ ಸಿಗಬಾರದು ಅಂತ ಸರ್ಕಾರ ದೋಣಿಗಳನ್ನು ಕಿತ್ತುಕೊಂಡಿತು, ಕೆಲವು ಜಿಲ್ಲೆಗಳಿಂದ ಅಕ್ಕಿಯನ್ನೂ ಎತ್ತಿತು. ಚಂಡಮಾರುತ ಬೆಳೆ ಹಾಳು ಮಾಡಿತು. ಬೆಲೆ ಏರಿತು. 1943ರ ಬರಗಾಲದಲ್ಲಿ 20ರಿಂದ 30 ಲಕ್ಷ ಜನ ಸತ್ತರು. ಬಾಂಬು ಬೀಳದೆಯೇ ಸತ್ತ ಈ ಜನರನ್ನು ಆ ಯುದ್ಧದ ಲೆಕ್ಕಕ್ಕೆ ಸೇರಿಸದೇ ಇರುವುದು ಅನ್ಯಾಯ.

ನಮ್ಮ ನೆಲದ ಮೇಲೆ ನಡೆದ ತಿರುವು 1944ರದು, ಇಂಫಾಲ ಮತ್ತು ಕೊಹಿಮಾ. ಜಪಾನಿನ ಸೇನಾನಿ ಮುತಾಗುಚಿ ಸುಮಾರು 85,000 ಜನರ ಸೈನ್ಯ ತಂದ. ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜಿನವರೂ ಜೊತೆಗಿದ್ದರು. ಹಾಗಾಗಿ ಅಲ್ಲಿ ಭಾರತೀಯರು ಎರಡೂ ಕಡೆ ನಿಂತು ಜೀವ ಕೊಟ್ಟರು. ಇಬ್ಬರನ್ನೂ ನಾನು ಗೌರವದಿಂದ ನೆನೆಯುತ್ತೇನೆ. ಮುತಾಗುಚಿ ತಂದ ಊಟ ಮೂರೇ ವಾರಕ್ಕೆ. ಅಷ್ಟರೊಳಗೆ ಬ್ರಿಟಿಷರ ಗೋದಾಮು ಹಿಡಿದು ಅಲ್ಲಿಂದ ಊಟ ಮಾಡೋಣ ಅನ್ನುವುದು ಲೆಕ್ಕ. ಗೋದಾಮು ಸಿಗಲಿಲ್ಲ. ಕೊಹಿಮಾದಲ್ಲಿ ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಕೋರ್ಟಿನ ಒಂದು ತುದಿಯಲ್ಲಿ ಬ್ರಿಟಿಷ್-ಭಾರತೀಯ ಸೈನಿಕರು, ಇನ್ನೊಂದು ತುದಿಯಲ್ಲಿ ಜಪಾನಿಯರು. ನಡುವೆ ಗ್ರೆನೇಡ್ ಹಾರುತ್ತಿತ್ತು. ಒಳಗಿದ್ದವರು ಸುಮಾರು 2,500, ಅದರಲ್ಲಿ ಹೋರಾಡಬಲ್ಲವರು ಇನ್ನೂ ಕಡಿಮೆ. ಹೊರಗಿದ್ದದ್ದು ಜಪಾನಿನ ಒಂದು ಪೂರ್ತಿ ಡಿವಿಷನ್. ಇಂಫಾಲದಲ್ಲಿ ಸಿಕ್ಕಿಕೊಂಡಿದ್ದ ಸೈನ್ಯಕ್ಕೆ ವಿಮಾನದಲ್ಲೇ ತಿಂಗಳುಗಟ್ಟಲೆ ಊಟ, ಗುಂಡು ಸಾಗಿಸಿದರು. ಸ್ಟಾಲಿನ್‌ಗ್ರಾಡಿನಲ್ಲಿ ಗೋರಿಂಗ್‌ನಿಂದ ಆಗದ ಕೆಲಸ ಇಲ್ಲಿ ಆಯಿತು. ಜೂನ್ 22ರಂದು ಇಂಫಾಲ-ಕೊಹಿಮಾ ರಸ್ತೆ ತೆರೆಯಿತು. ಹಿಂದೆ ಸರಿಯುವಾಗ ಜಪಾನಿ ಸೈನಿಕರು ಗುಂಡಿಗಿಂತ ಜಾಸ್ತಿ ಹಸಿವಿಗೆ, ಮಲೇರಿಯಾಗೆ, ಭೇದಿಗೆ ಸತ್ತರು. ಆ ಸೈನ್ಯವನ್ನು ಜಪಾನು ಮತ್ತೆ ಕಟ್ಟಿಕೊಳ್ಳಲಿಲ್ಲ.

ಆಮೇಲೆ ಬರ್ಮಾ ಮರಳಿ ಗೆಲ್ಲುವಾಗ, 1945ರ ಶುರುವಿನಲ್ಲಿ ಅರಾಕಾನ್ ಕರಾವಳಿಯ ಕಾಂಗಾವ್‌ನಲ್ಲಿ ಒಂದು ಬೆಟಾಲಿಯನ್ ಮುನ್ನಡೆಸಿದವರು ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯನವರು. ಆ ಬ್ರಿಗೇಡಿನ ಮೂರು ಬೆಟಾಲಿಯನ್‌ಗಳಿಗೂ ಭಾರತೀಯರೇ ನಾಯಕರಾಗಿದ್ದರು, ಆ ಕಾಲಕ್ಕೆ ಅದು ದೊಡ್ಡ ಮಾತು. ಬೆಂಗಳೂರಿನದೂ ಒಂದು ಪಾಲಿದೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಶುರು ಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, 1943ರಿಂದ ಅಮೆರಿಕದ ವಾಯುಪಡೆಯ ರಿಪೇರಿ ಕೇಂದ್ರವಾಯಿತು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ರಿಪೇರಿಗೆ ಬಂದು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಈಗ ಆ ಕೆರೆ ನೋಡುವವರಿಗೆ ಇದನ್ನು ನಂಬುವುದು ಕಷ್ಟ.

ಪರೀಕ್ಷೆಯ ಬಗ್ಗೆ ಒಂದು ಮಾತು. ಒಂದು ಅಂಕದ ಪ್ರಶ್ನೆಯಲ್ಲಿ ಯುರೋಪಿಗೆ ಸ್ಟಾಲಿನ್‌ಗ್ರಾಡ್, ಪೆಸಿಫಿಕ್‌ಗೆ ಮಿಡ್‌ವೇ ಅಂತಲೇ ಗುರುತು ಹಾಕಲಿ. ಅಲ್ಲಿ ವಾದ ಮಾಡಲು ಜಾಗ ಇರುವುದಿಲ್ಲ. ದೊಡ್ಡ ಉತ್ತರ ಬರೆಯುವಾಗ ಮಾತ್ರ 1941ರ ಡಿಸೆಂಬರಿನ ವಾರದಿಂದ ಶುರು ಮಾಡಿ, 1942ರ ಜೂನ್ 4, ಅಕ್ಟೋಬರ್ 23, ನವೆಂಬರ್ 19 ಈ ಮೂರು ದಿನಾಂಕಗಳನ್ನು ಒಂದರ ಕೆಳಗೊಂದು ಬರೆದುಕೊಳ್ಳಲಿ. ಮೂರೂ ಆರು ತಿಂಗಳೊಳಗೆ ಬರುತ್ತವೆ, ಮೂರೂ ಬೇರೆ ಬೇರೆ ಖಂಡಗಳ ಕಡೆಯವು. ಜೊತೆಗೆ ಅಟ್ಲಾಸ್ ಒಂದನ್ನು ಬಿಚ್ಚಿ ಇಟ್ಟುಕೊಂಡು ಓದಲಿ, ಸುಮ್ನೆ ಬಾಯಿಪಾಠ ಬೇಡ. ಈಗಿನ ನಕ್ಷೆಯಲ್ಲಿ ಸ್ಟಾಲಿನ್‌ಗ್ರಾಡ್ ಸಿಗುವುದಿಲ್ಲ, ವೋಲ್ಗೊಗ್ರಾಡ್ ಅಂತ ಹುಡುಕಬೇಕು.